ಪೈಪಿನವಳ ಕಣ್ಣಲ್ಲಿ ರಿಫಾರ್ಮ್ ಕ್ಲಬ್

"ಇದೇನೇ, ಬ್ಯಾಂಕ್ ಥರ ಇದೆ!" ಅಂದರು ನಮ್ಮ ಯಜಮಾನರು.

ಲಂಡನ್ನಿನ ಪಾಲ್ ಮಾಲ್ ರಸ್ತೆಯಲ್ಲಿ, ರಿಫಾರ್ಮ್ ಕ್ಲಬ್ಬಿನ ಎದುರು ಫುಟ್‌ಪಾತ್ ಮೇಲೆ ನಿಂತಿದ್ದೆವು. ಟ್ಯೂಬ್ ಇಳಿದಾಗಿನಿಂದ ಈ ಕಟ್ಟಡವನ್ನು ಹೊಗಳಿಕೊಂಡೇ ಬಂದಿದ್ದೆ. ಇವರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು.

"ಬ್ಯಾಂಕುಗಳೇ ಇದರ ಥರ ಇವೆ ಅನ್ನಿ ರೀ. ಮೊದಲು ಬಂದಿದ್ದು ಇದು," ಅಂದೆ.

ಅವರ ಕಣ್ಣೇನೂ ಸುಳ್ಳು ಹೇಳಿರಲಿಲ್ಲ. ಬಿಳಿಚಿಕೊಂಡ ಪೋರ್ಟ್‌ಲ್ಯಾಂಡ್ ಕಲ್ಲಿನ ಒಂದು ದೊಡ್ಡ ಪೆಟ್ಟಿಗೆ. ಮುಂದೆ ಕಂಬಗಳ ಸಾಲಿಲ್ಲ. ಗುಮ್ಮಟ ಇಲ್ಲ, ಗೋಪುರ ಇಲ್ಲ. ಒಂದು ಸಾಲಿಗೆ ಒಂಬತ್ತು ಕಿಟಕಿ ಹಿಡಿಯುವಷ್ಟು ಅಗಲ, ಅಂಥ ಮೂರು ಸಾಲು, ಕೆಳಗಿನ ಸಾಲಿನ ನಡುವೆ ಬಾಗಿಲು. ತುದಿಯಲ್ಲಿ ರಸ್ತೆ ಕಡೆಗೆ ಚಾಚಿಕೊಂಡ ದಪ್ಪ ಕಾರ್ನಿಸ್, ಅಂದರೆ ಕಲ್ಲಿನ ಅಂಚುಪಟ್ಟಿ. ಅಷ್ಟೇ. ಹೋಗೋರು ಬರೋರು ತಲೆ ಎತ್ತಿಯೂ ನೋಡಲ್ಲ.

ನಾನು ಮಾಡೋ ಕೆಲಸ ಹಳೇ ಕಟ್ಟಡಗಳಿಗೆ ಹೀಟಿಂಗ್, ವೆಂಟಿಲೇಶನ್ ಕೂರಿಸೋದು. ಚೆಂದದ ಗೋಡೆ ಒಡೆಯದೆ ಪೈಪು ಎಲ್ಲಿಂದ ಒಯ್ಯೋದು, ಡಕ್ಟ್ ಎಲ್ಲಿ ಬಚ್ಚಿಡೋದು ಅಂತ ದಿನವಿಡೀ ತಲೆ ಕೆಡಿಸಿಕೊಳ್ಳೋದು. ಹಾಗಾಗಿ ಕಟ್ಟಡದ ಮುಖ ನೋಡಿ ಮರುಳಾಗೋದು ನನ್ನಿಂದ ಅಷ್ಟಾಗಿ ಆಗಲ್ಲ. ಅದರ ಹೊಟ್ಟೆಯಲ್ಲಿ ಏನಿದೆ ಅನ್ನೋ ಕಡೆಗೇ ಮನಸ್ಸು ಹೋಗುತ್ತದೆ. ರಿಫಾರ್ಮ್ ಕ್ಲಬ್ ನನಗೆ ಇಷ್ಟ ಆಗಿದ್ದೂ ಹೊಟ್ಟೆಯಿಂದಲೇ. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಅಲ್ಲಿ ಮೆಂಬರ್. ಅವರ ಅತಿಥಿಯಾಗಿ ಹೋಗಿ ಊಟ ಮಾಡಿ, ಕತ್ತು ನೋಯುವಷ್ಟು ಮೇಲೆ ನೋಡಿ ಬಂದೆ.

ಒಳಗೆ ಹೋಗೋ ಮುಂಚೆ ಅಕ್ಕಪಕ್ಕದ ಮನೆಯವರನ್ನು ನೋಡಬೇಕು. ಪಾಲ್ ಮಾಲ್‌ನ ದಕ್ಷಿಣ ಬದಿಯಲ್ಲಿ ಮೂರು ಕ್ಲಬ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ. ಎದುರು ನಿಂತರೆ ಎಡಗಡೆ ಅಥೀನಿಯಂ, ನಡುವೆ ಟ್ರಾವೆಲರ್ಸ್, ಬಲಗಡೆ ರಿಫಾರ್ಮ್. ಮೂರೂ ಕಟ್ಟಿದ್ದು ಹದಿನೈದಿಪ್ಪತ್ತು ವರ್ಷದೊಳಗೆ. ಆ ಸಣ್ಣ ಅವಧಿಯಲ್ಲೇ ಊರಿನ ರುಚಿ ಗ್ರೀಸ್ ಬಿಟ್ಟು ಇಟಲಿ ಕಡೆ ತಿರುಗಿದ್ದು ಈ ಸಾಲಲ್ಲಿ ಕಾಣುತ್ತದೆ.

ಅಥೀನಿಯಂ ಕಟ್ಟಿದವನು ಡೆಸಿಮಸ್ ಬರ್ಟನ್. 1830ರಲ್ಲಿ ಮುಗಿಯಿತು. ಅದು ಪೂರ್ತಿ ಗ್ರೀಕ್ ಹುಚ್ಚು. ಬಾಗಿಲ ಮುಂದೆ ಕಂಬದ ಪೋರ್ಟಿಕೋ, ಮೇಲೆ ಚಿನ್ನದ ಬಣ್ಣದ ಅಥೀನಾ ದೇವಿ, ಗೋಡೆ ಸುತ್ತ ಪಾರ್ಥೆನಾನ್ ದೇವಾಲಯದ ಶಿಲ್ಪಪಟ್ಟಿಯ ನಕಲು. ಮೆಂಬರುಗಳು ಐಸ್ ಇಡೋಕೆ ಒಂದು ಕೋಣೆ ಬೇಕು ಅಂತ ಕೇಳಿದರಂತೆ. ಕ್ಲಬ್ ಕಟ್ಟಿ ಬೆಳೆಸಿದ ಜಾನ್ ವಿಲ್ಸನ್ ಕ್ರೋಕರ್ ಐಸ್ ಕೋಣೆ ಬಿಟ್ಟು ಶಿಲ್ಪಪಟ್ಟಿಗೆ ದುಡ್ಡು ಸುರಿದ ಅಂತ ಆಗಲೇ ಚುಟುಕು ಕಟ್ಟಿ ಗೇಲಿ ಮಾಡಿದ್ದರು. ಬಳಸೋರು ಕೇಳೋದು ಒಂದು, ಕಟ್ಟಿಸೋರು ಕೊಡೋದು ಇನ್ನೊಂದು. ನನ್ನ ಕೆಲಸದಲ್ಲಿ ಇದು ವಾರಕ್ಕೊಮ್ಮೆ ನಡೆಯೋ ಕಥೆ.

ನಡುವಿನ ಟ್ರಾವೆಲರ್ಸ್ ಕ್ಲಬ್ 1819ರದ್ದು. ಲಂಡನ್ನಿನಿಂದ ನೇರ ಗೆರೆ ಎಳೆದರೆ 500 ಮೈಲಿಯಾದರೂ ಆಚೆ ಹೋಗಿ ಬಂದವರಿಗೆ ಮಾತ್ರ ಸದಸ್ಯತ್ವ ಅಂತ ಮೊದಲಿನ ನಿಯಮ. ಇವರಿಗೆ ಮನೆ ಕಟ್ಟಲು 1828ರಲ್ಲಿ ಸ್ಪರ್ಧೆ ನಡೆಯಿತು. ಗೆದ್ದವನು ಚಾರ್ಲ್ಸ್ ಬ್ಯಾರಿ. ಆಗ ಅವನಿಗೆ 33 ವರ್ಷ. 1817ರಿಂದ 1820ರವರೆಗೆ ಇಟಲಿ, ಗ್ರೀಸ್, ಟರ್ಕಿ, ಈಜಿಪ್ಟ್ ಅಂತ ಸ್ಕೆಚ್ ಪುಸ್ತಕ ಹಿಡಿದು ಸುತ್ತಿದವನು. ಸುತ್ತಾಡಿದವರ ಕ್ಲಬ್ಬಿಗೆ ಸುತ್ತಾಡಿದವನೇ ಸಿಕ್ಕ.

ಬ್ಯಾರಿ ಗ್ರೀಕ್ ಕಂಬಗಳನ್ನು ಕೈಬಿಟ್ಟ. ಫ್ಲಾರೆನ್ಸ್‌ನಲ್ಲಿ ಚಿತ್ರಕಾರ ರಾಫೆಲ್ ಒಬ್ಬ ಬಿಷಪ್‌ಗೆ ನಕ್ಷೆ ಬರೆದುಕೊಟ್ಟ ಪಲಾಝೋ ಪಂಡೊಲ್ಫೀನಿ ಅನ್ನೋ ಮನೆ ಇದೆ. ಅದರ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಲ್ ಮಾಲ್‌ಗೆ ಐದು ಕಿಟಕಿ ಅಗಲದ ಒಂದು ಕಟ್ಟಡ ಮಾಡಿದ. ನಯವಾದ ಗೋಡೆ, ಅದರಲ್ಲಿ ಚೌಕಟ್ಟು ಕೂರಿಸಿದ ಕಿಟಕಿಗಳು, ಮೂಲೆಗಳಿಗೆ ಒರಟು ಕಲ್ಲು, ಮೇಲೆ ಒಂದು ಗಟ್ಟಿ ಕಾರ್ನಿಸ್. ಬಾಗಿಲೂ ನಡುವೆ ಇಲ್ಲ, ಒಂದು ಅಂಚಿನಲ್ಲಿದೆ. 1832ರಲ್ಲಿ ಮುಗಿಯಿತು. ಲಂಡನ್ನಿನಲ್ಲಿ ಪಲಾಝೋ ಶೈಲಿಯ ಕ್ಲಬ್ ಅನ್ನೋದು ಶುರುವಾಗಿದ್ದು ಇಲ್ಲಿಂದ. ಒಳಗಿನ ಒಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ: ಅಲ್ಲಿನ ಮೆಟ್ಟಿಲಿಗೆ ಹಿಡಿದು ಹತ್ತಲು ಹೆಚ್ಚುವರಿ ಕಂಬಿ ಒಂದಿದೆ. ಆಗ ಫ್ರೆಂಚ್ ರಾಯಭಾರಿಯಾಗಿದ್ದ ಮುದುಕ ತಾಲೆರಾನ್‌ಗೆ ಕಾಲು ಸರಿ ಇರಲಿಲ್ಲ ಅಂತ ಹಾಕಿಸಿದ್ದು.

ಪಲಾಝೋ ಅಂದರೆ ಇಟಲಿಯ ಊರೊಳಗಿನ ಸಿರಿವಂತರ ಮನೆ. ಸುತ್ತ ತೋಟ ಇಲ್ಲ, ಗೇಟು ಇಲ್ಲ. ಗೋಡೆ ಸೀದಾ ರಸ್ತೆಗೇ ಬಂದು ನಿಲ್ಲುತ್ತದೆ. ನೆಲಮಟ್ಟದಲ್ಲಿ ಗೋದಾಮು, ಕುದುರೆ, ಆಳುಕಾಳು. ಅದರ ಮೇಲಿನ ಅಂತಸ್ತೇ ಮುಖ್ಯ. ಎತ್ತರದ ಕೋಣೆಗಳು, ದೊಡ್ಡ ಕಿಟಕಿಗಳು, ಅತಿಥಿ ಸತ್ಕಾರ ಎಲ್ಲ ಅಲ್ಲೇ. ಇನ್ನೂ ಮೇಲೆ ಮಲಗೋ ಕೋಣೆಗಳು. ನಡುವೆ ಆಕಾಶಕ್ಕೆ ತೆರೆದ ಅಂಗಳ. ರಸ್ತೆ ಕಡೆಯಿಂದ ನೋಡೋರಿಗೆ ಶಿಸ್ತು, ಒಳಗಿನವರಿಗೆ ಆರಾಮ.

ಈಗ ಕ್ಲಬ್ ಅಂದರೇನು ಯೋಚಿಸಿ. ಸಾವಿರ ಮೆಂಬರುಗಳಿಗೆ ಒಂದು ಮನೆ. ಊಟದ ಹಾಲ್, ಲೈಬ್ರರಿ, ಪೇಪರ್ ಓದೋ ಕೋಣೆ, ಇಸ್ಪೀಟು, ಬಿಲಿಯರ್ಡ್ಸ್. ಅದರ ಹಿಂದೆ ಅಡುಗೆಮನೆ, ವೈನ್ ಇಡೋ ನೆಲಮಾಳಿಗೆ, ಕಲ್ಲಿದ್ದಲು, ಬಟ್ಟೆ ಒಗೆಯೋ ಜಾಗ, ಕೆಲಸದವರ ಕೋಣೆಗಳು. ದೇವಸ್ಥಾನದ ಥರ ಕಂಬ ನಿಲ್ಲಿಸಿದರೆ ಕಂಬದ ಹಿಂದಿನ ಕೋಣೆಗೆಲ್ಲ ಕತ್ತಲೆ. ಕಂಬದ ಎತ್ತರಕ್ಕೆ ತಕ್ಕಂತೆ ಮಹಡಿಗಳನ್ನು ಹೊಂದಿಸಬೇಕು, ಅದೊಂದು ಪೀಡೆ. ಪಲಾಝೋದಲ್ಲಿ ಆ ತಲೆನೋವಿಲ್ಲ. ಎಲ್ಲಿ ಬೇಕೋ ಅಲ್ಲಿ ಕಿಟಕಿ ಇಡಬಹುದು. ಮಹಡಿ ಎಷ್ಟು ಎತ್ತರ ಬೇಕೋ ಅಷ್ಟು. ಬ್ಯಾರಿ ಇಟಲಿಯಿಂದ ತಂದಿದ್ದು ಅಲಂಕಾರ ಅಂತ ಜಾಸ್ತಿ ಜನ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅವನು ತಂದಿದ್ದು ಒಂದು ಪೆಟ್ಟಿಗೆ. ಏನು ತುಂಬಿದರೂ ಹಿಡಿಸೋ ಪೆಟ್ಟಿಗೆ, ತುಂಬಿದ್ದು ಹೊರಗೆ ಕಾಣದ ಪೆಟ್ಟಿಗೆ.

ರಿಫಾರ್ಮ್ ಕ್ಲಬ್ ಹುಟ್ಟಿದ್ದು 1836ರಲ್ಲಿ. ಮತದಾನದ ಹಕ್ಕನ್ನು ಒಂದಿಷ್ಟು ಹಿಗ್ಗಿಸಿದ 1832ರ ಸುಧಾರಣಾ ಕಾಯ್ದೆ ಇದೆಯಲ್ಲ, ಅದರ ಪರ ಇದ್ದ ವಿಗ್, ರಾಡಿಕಲ್ ಅನ್ನೋ ರಾಜಕೀಯ ಬಣದವರು ಸೇರಿ ಮಾಡಿಕೊಂಡಿದ್ದು. ಎದುರು ಪಕ್ಷದ ಟೋರಿಗಳಿಗೆ ಆಗಲೇ ಕಾರ್ಲ್‌ಟನ್ ಕ್ಲಬ್ ಇತ್ತು. ನಮ್ಮದು ಎಲ್ಲರದಕ್ಕಿಂತ ಭರ್ಜರಿಯಾಗಿರಬೇಕು ಅಂತ ಇವರಿಗೆ ಹಟ. ಕೆಲವು ವಾಸ್ತುಶಿಲ್ಪಿಗಳಿಂದ ನಕ್ಷೆ ತರಿಸಿದರು. ಇಲ್ಲೂ ಬ್ಯಾರಿಯೇ ಗೆದ್ದ. ಅಷ್ಟರಲ್ಲಿ ಅವನು ದೊಡ್ಡ ಮನುಷ್ಯ. 1834ರಲ್ಲಿ ಸುಟ್ಟುಹೋದ ಪಾರ್ಲಿಮೆಂಟ್ ಕಟ್ಟಡವನ್ನು ಹೊಸದಾಗಿ ಕಟ್ಟೋ ಸ್ಪರ್ಧೆಯನ್ನೂ 1836ರಲ್ಲಿ ಗೆದ್ದಿದ್ದ. ಅಲ್ಲಿ ಗಾಥಿಕ್, ಇಲ್ಲಿ ಇಟಾಲಿಯನ್. ಒಂದೇ ಕಾಲದಲ್ಲಿ ಎರಡು ಭಾಷೆ ಮಾತಾಡುತ್ತಿದ್ದ ಮನುಷ್ಯ. ರಿಫಾರ್ಮ್ ಕ್ಲಬ್ 1841ರಲ್ಲಿ ತೆರೆಯಿತು.

ಈ ಸಲ ಅವನು ಮನಸ್ಸಿಗೆ ತಂದುಕೊಂಡಿದ್ದು ರೋಮಿನ ಪಲಾಝೋ ಫರ್ನೇಸೆ. ಅದನ್ನು ಶುರು ಮಾಡಿದವನು ಅಂತೋನಿಯೋ ದ ಸಂಗಾಲೋ. ಮನೆ ಕಟ್ಟಿಸುತ್ತಿದ್ದ ಕಾರ್ಡಿನಲ್ 1534ರಲ್ಲಿ ಮೂರನೇ ಪಾಲ್ ಅನ್ನೋ ಹೆಸರಲ್ಲಿ ಪೋಪ್ ಆದ, ಮನೆಯೂ ಹಿಗ್ಗಿತು. 1546ರಲ್ಲಿ ಸಂಗಾಲೋ ತೀರಿಕೊಂಡ ಮೇಲೆ ಕೆಲಸ ಮೈಕೆಲೆಂಜೆಲೊ ಕೈಗೆ ಬಂತು. ಅವನು ಮೇಲಿನ ಅಂತಸ್ತಿನ ಗೋಡೆ ಎತ್ತರಿಸಿ ಅದಕ್ಕೊಂದು ಭಾರೀ ಕಾರ್ನಿಸ್ ಕೂರಿಸಿದ. ಕೂರಿಸೋ ಮುಂಚೆ ಒಂದು ಮೂಲೆಯ ತುಂಡನ್ನು ಮರದಲ್ಲಿ ಮಾಡಿಸಿ ಗೋಡೆಯ ತುದಿಗಿಟ್ಟು, ಕೆಳಗಿಂದ ಹೇಗೆ ಕಾಣುತ್ತದೆ ಅಂತ ಪೋಪ್‌ಗೆ ತೋರಿಸಿದ್ದನಂತೆ. ಇವತ್ತು ನಾವು ಸೈಟಿನಲ್ಲಿ ಸ್ಯಾಂಪಲ್ ಮಾಡಿ ತೋರಿಸ್ತೀವಲ್ಲ, ಅದೇ ಪದ್ಧತಿ.

ಫರ್ನೇಸೆ ಹದಿಮೂರು ಕಿಟಕಿ ಅಗಲ, ರಿಫಾರ್ಮ್ ಒಂಬತ್ತು. ರೋಮಿನದು ನಿಜಕ್ಕೂ ದೈತ್ಯ, ಲಂಡನ್ನಿನದು ಅದರ ತಮ್ಮ. ಆದರೆ ಹೋಲಿಸೋಕೆ ಅಗಲಕ್ಕಿಂತ ಒಳ್ಳೇದು ಬಿಸಿಲು. ಪಾಲ್ ಮಾಲ್‌ನ ದಕ್ಷಿಣ ಬದಿಯಲ್ಲಿರೋದರಿಂದ ರಿಫಾರ್ಮ್‌ನ ಮುಖ ಉತ್ತರಕ್ಕಿದೆ. ಫರ್ನೇಸೆಯ ಮುಖಕ್ಕೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಕಿಟಕಿ ಚೌಕಟ್ಟಿನ ಪ್ರತಿ ಉಬ್ಬೂ ಒಂದು ನೆರಳು ಎಳೆಯುತ್ತದೆ, ಕಾರ್ನಿಸ್‌ನದಂತೂ ದಪ್ಪ ನೆರಳು. ಪಾಲ್ ಮಾಲ್‌ನಲ್ಲಿ ವರ್ಷದ ಬಹುಪಾಲು ಅದೇ ಉಬ್ಬು, ಅದೇ ಕಾರ್ನಿಸ್, ಆದರೆ ನೆರಳೇ ಇಲ್ಲ. ಮೋಡದ ಬೆಳಕಲ್ಲಿ ಎಲ್ಲ ಸಪಾಟಾಗಿ ಕಾಣುತ್ತದೆ. ನಮ್ಮವರಿಗೆ ಬ್ಯಾಂಕ್ ಕಂಡಿದ್ದು ಅದಕ್ಕೇ ಇರಬೇಕು. ಅವತ್ತು ಫೆಬ್ರವರಿ.

ಜೂನ್‌ನಲ್ಲಿ ಹೋಗಿ ನೋಡಿ. ಸಂಜೆ ಹೊತ್ತು ಸೂರ್ಯ ವಾಯವ್ಯಕ್ಕೆ ಹೋಗಿ ಮುಳುಗುತ್ತಾನೆ. ಆಗ ಎದುರಿನ ಕಟ್ಟಡಗಳನ್ನು ದಾಟಿ ಬಂದ ಓರೆ ಬೆಳಕು ಮೇಲಿನ ಕಿಟಕಿಗಳಿಗೆ ತಾಗುತ್ತದೆ. ಮೊದಲ ಮಹಡಿಯ ಪ್ರತಿ ಕಿಟಕಿಗೂ ಒಂದು ಪುಟ್ಟ ಗುಡಿಯಷ್ಟು ಚೌಕಟ್ಟು. ಎರಡು ಬದಿ ಅರ್ಧ ಹೂತ ಕಂಬ, ಮೇಲೆ ಮುಚ್ಚಿಗೆ. ಇಡೀ ಮುಖದಲ್ಲಿ ಕಂಬ ಅಂತ ಇರೋದು ಅಲ್ಲಿ ಮಾತ್ರ. ಬರ್ಟನ್ ಬಾಗಿಲ ಮುಂದೆ ನಿಲ್ಲಿಸಿದ್ದನ್ನು ಬ್ಯಾರಿ ಕುಗ್ಗಿಸಿ ಕಿಟಕಿಗೆ ಕಟ್ಟಿದ. ಆ ಬೆಳಕಲ್ಲಿ ಒಂದೊಂದು ಕಂಬದ ಹಿಂದೆ ಬೆರಳಗಲದ ನೆರಳು ಬೀಳುತ್ತದೆ. ನಾನು ಆಫೀಸಿಂದ ಮನೆಗೆ ಹೋಗೋವಾಗ ಸುಮ್ನೆ ದಾರಿ ಸುತ್ತಿ ಇದನ್ನು ನೋಡಿಕೊಂಡು ಹೋಗಿದ್ದೇನೆ.

ಕಾರ್ನಿಸ್‌ಗೆ ಇನ್ನೊಂದು ಕೆಲಸ ಇದೆ. ಅದು ಮುಚ್ಚಿಡುತ್ತದೆ. ರಸ್ತೆಯಿಂದ ಎಣಿಸಿದರೆ ಮೂರೇ ಅಂತಸ್ತು. ಆದರೆ ಕಾರ್ನಿಸ್ ಹಿಂದೆ, ತಾರಸಿ ಮಟ್ಟದಲ್ಲಿ ಇನ್ನೂ ಕೋಣೆಗಳಿವೆ. ಫುಟ್‌ಪಾತಿನ ಪಕ್ಕದ ಕಲ್ಲಿನ ಕಟಾಂಜನದ ಹಿಂದೆ ಬಗ್ಗಿ ನೋಡಿದರೆ ನೆಲಮಾಳಿಗೆಯ ಕಿಟಕಿಗಳು. ಮೇಲಿನ ಅಂತಸ್ತಿನಲ್ಲಿ ಮೆಂಬರುಗಳಿಗೆ ಮಲಗಲು ಕೋಣೆಗಳನ್ನು ಮೊದಲಿಂದಲೇ ಇಟ್ಟಿದ್ದರು. ಆ ಕಾಲದ ಕ್ಲಬ್‌ಗಳಲ್ಲಿ ಅದು ಅಪರೂಪ. ಅಥೀನಿಯಂಗೆ ಜಾಗ ಸಾಲದೆ 1899ರಲ್ಲಿ ತಲೆ ಮೇಲೆ ಒಂದು ಮಹಡಿ ಏರಿಸಬೇಕಾಯಿತು. ಅದು ಇವತ್ತಿಗೂ ಏರಿಸಿದ ಹಾಗೇ ಕಾಣುತ್ತದೆ. ಪಲಾಝೋ ಪೆಟ್ಟಿಗೆಯ ಲಾಭ ಇದು ಅಂತ ನಾನು ಹೇಳೋದು.

ಒಳಗೆ ಹೋಗೋಣ. ಬಾಗಿಲು ದಾಟಿ ಒಂದಿಷ್ಟು ಮೆಟ್ಟಿಲು ಹತ್ತಿದರೆ ಎದುರಿಗೇ ಸಲೂನ್, ಅಂದರೆ ನಡುಮನೆ. ಎರಡು ಅಂತಸ್ತಿನ ಎತ್ತರ, ಸುತ್ತಲೂ ಕಂಬಗಳು. ಕೆಳಗೆ ಅಯೋನಿಕ್, ಮೇಲೆ ಕೊರಿಂಥಿಯನ್, ಎರಡೂ ಗ್ರೀಕರ ಕಂಬದ ಬಗೆಗಳು. ಮೇಲಿನ ಕಂಬಗಳ ಹಿಂದೆ ಸುತ್ತ ನಡೆದಾಡೋ ಪಡಸಾಲೆ. ನೆಲಕ್ಕೆ ಬಣ್ಣದ ಚೂರುಗಳ ಮೊಸಾಯಿಕ್. ತಲೆ ಮೇಲೆ ಗಾಜಿನ ಛಾವಣಿ. ಹೊರಗಿನ ಆ ಗಂಭೀರ ಮುಖದ ಹಿಂದೆ ಇಷ್ಟು ಬೆಳಕು ಇದ್ದೀತು ಅಂತ ಅನ್ನಿಸಿರಲೇ ಇಲ್ಲ.

ಬ್ಯಾರಿ ಮೊದಲು ಬರೆದ ನಕ್ಷೆಯಲ್ಲಿ ಈ ಜಾಗ ತೆರೆದ ಅಂಗಳವಾಗಿತ್ತು, ಫರ್ನೇಸೆಯಲ್ಲಿ ಇದ್ದ ಹಾಗೆ. ನಮ್ಮ ಕಡೆ ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸೋದೇ ಬೇಡ. ಮಳೆ ಬಂದರೆ ಒಳಗೇ ಬರುತ್ತದೆ, ಬಿಸಿಲೂ ಬರುತ್ತದೆ, ಸುತ್ತ ಜಗಲಿಯಲ್ಲಿ ಓಡಾಟ. ಆದರೆ ಲಂಡನ್ನಿನ ಮಳೆಗೆ, ಕಲ್ಲಿದ್ದಲ ಮಸಿಗೆ, ಚಳಿಗೆ ಇದು ಹೊಂದೋ ಮಾತಲ್ಲ. ಕೊನೆಗೆ ಗಾಜು ಹೊದಿಸಿದರು. ಹೊದಿಸಿದ್ದೇ ತಡ, ಅಂಗಳ ಹೋಗಿ ಇಡೀ ಕಟ್ಟಡದ ಅತ್ಯುತ್ತಮ ಕೋಣೆ ಬಂತು. ಇಟಲಿಯ ಮೂಲದಲ್ಲಿ ಈ ಕೋಣೆ ಇಲ್ಲ. ಇದು ಲಂಡನ್ ಹವಾಮಾನ ಹುಟ್ಟಿಸಿದ ಕೋಣೆ. ನಕಲು ನಕಲು ಅಂತ ಮೂಗು ಮುರಿಯೋರನ್ನು ಇಲ್ಲಿ ತಂದು ನಿಲ್ಲಿಸಬೇಕು.

ಕೆಳಗಿನ ಹಳದಿ ಕಂಬಗಳನ್ನು ನೋಡಿದರೆ ಅಮೃತಶಿಲೆ ಅನ್ನಿಸುತ್ತದೆ. ಹತ್ತಿರ ಹೋಗಿ ಅಂಗೈ ಇಟ್ಟೆ. ತಣ್ಣಗಿರಲಿಲ್ಲ. ಕಲ್ಲಾದರೆ ಕೈಯ ಬಿಸಿಯನ್ನು ಸರ‍್ರನೆ ಎಳೆದುಕೊಳ್ಳುತ್ತದೆ. ಇದು ಹಾಗೆ ಮಾಡಲಿಲ್ಲ. ಇದರ ಹೆಸರು ಸ್ಕಾಲಿಯೋಲಾ. ಜಿಪ್ಸಮ್ ಪುಡಿ, ಅಂಟು, ಬಣ್ಣ ಸೇರಿಸಿ ಹಿಟ್ಟು ನಾದಿದ ಹಾಗೆ ನಾದಿ, ಬೇರೆ ಬೇರೆ ಬಣ್ಣದ ಮುದ್ದೆಗಳನ್ನು ಒತ್ತಿ ಕೂರಿಸಿ, ಒಣಗಿದ ಮೇಲೆ ಉಜ್ಜಿ ಉಜ್ಜಿ ಹೊಳಪು ಬರಿಸೋ ಗಾರೆ ಕೆಲಸ. ನಾಳಗಳು, ಗೀರುಗಳು ಎಲ್ಲ ಗಾರೆಯವನ ಕೈಚಳಕ. ಕಡಿಮೆ ಖರ್ಚಿನ ಬದಲಿ ಅಂತ ಕೆಲವರು ಕೀಳಾಗಿ ನೋಡುತ್ತಾರೆ. ಒಂದು ಕಂಬ ಮಾಡೋಕೆ ಎಷ್ಟು ತಾಳ್ಮೆ ಬೇಕು ಗೊತ್ತಿದ್ದವರು ಹಾಗೆ ಹೇಳಲ್ಲ. ನನ್ನನ್ನು ಕರೆದುಕೊಂಡು ಹೋದವರು ನಾನು ಕಂಬ ಸವರೋದು ನೋಡಿ ಮುಜುಗರ ಪಟ್ಟುಕೊಂಡರು ಅನ್ನೋದೂ ನಿಜ.

ಸಲೂನಿನ ಹಿಂದೆ, ದಕ್ಷಿಣದ ತೋಟದ ಕಡೆ ಊಟದ ಹಾಲ್. ಇಲ್ಲಿ ಅದಕ್ಕೆ ಕಾಫಿ ರೂಮ್ ಅಂತಾರೆ, ಕಾಫಿ ಕುಡಿಯೋ ಜಾಗ ಅಲ್ಲ ಮತ್ತೆ. ಕಟ್ಟಡದ ಈ ತುದಿಯಿಂದ ಆ ತುದಿವರೆಗೂ ಚಾಚಿಕೊಂಡಿದೆ. ಉತ್ತರದ ಮುಖ ರಸ್ತೆಯವರಿಗೆ, ದಕ್ಷಿಣದ ಬಿಸಿಲು ಉಣ್ಣುವವರಿಗೆ. ಜಾಣ ಯೋಜನೆ. ಊಟದ ಬಗ್ಗೆ ಏನೂ ಬರೆಯಲ್ಲ, ಸಸ್ಯಾಹಾರಿಗೆ ಸಿಗೋದು ಸಿಕ್ಕಿತು.

ನನ್ನ ಮನಸ್ಸೆಲ್ಲ ಇದ್ದಿದ್ದು ಕಾಲ ಕೆಳಗೆ. ಕಟ್ಟಡ ಹೊಸದಾಗಿದ್ದಾಗ ಅದಕ್ಕೆ ಹಾಕಿದ್ದ ಯಂತ್ರಗಳ ವಿವರ ಆ ಕಾಲದ ತಾಂತ್ರಿಕ ನಿಘಂಟಿನಲ್ಲಿ ಅಚ್ಚಾಗಿದೆ. ನಾನು ಅದನ್ನು ಕಥೆ ಪುಸ್ತಕದ ಥರ ಓದಿದ್ದೇನೆ. ಕ್ಲಬ್ಬಿನ ಮುಂದಿನ ಫುಟ್‌ಪಾತ್ ಇದೆಯಲ್ಲ, ಅದರ ಅಡಿಯಲ್ಲಿ ಒಂದು ಕಮಾನಿನ ನೆಲಮಾಳಿಗೆ. ಅಲ್ಲಿ 5 ಅಶ್ವಶಕ್ತಿಯ ಒಂದು ಸ್ಟೀಮ್ ಎಂಜಿನ್. ಅದು ಒಂದು ದೊಡ್ಡ ಫ್ಯಾನ್ ತಿರುಗಿಸುತ್ತಿತ್ತು. ಫ್ಯಾನ್ ಗಾಳಿಯನ್ನು ಕಟ್ಟಡದ ತಳದ ಸುರಂಗಕ್ಕೆ ತಳ್ಳುತ್ತಿತ್ತು. ಅದೇ ಎಂಜಿನ್ ನೀರು ಪಂಪ್ ಮಾಡುತ್ತಿತ್ತು. ಅದೇ ಕಲ್ಲಿದ್ದಲನ್ನು ಮೇಲಿನ ಮಹಡಿಗಳಿಗೆ ಎತ್ತುತ್ತಿತ್ತು. ಇಷ್ಟೆಲ್ಲ ಮಾಡಿ ಉಳಿದ ಹಬೆಯನ್ನು ಬೀದಿಗೆ ಬಿಡುತ್ತಿರಲಿಲ್ಲ. ಮೂರು ಅಡಿ ಅಳತೆಯ ಮೂರು ಬೀಡುಕಬ್ಬಿಣದ ಪೆಟ್ಟಿಗೆಗಳಿಗೆ ಹರಿಸುತ್ತಿದ್ದರು. ಫ್ಯಾನಿನ ಗಾಳಿ ಆ ಪೆಟ್ಟಿಗೆಗಳನ್ನು ಸವರಿಕೊಂಡು ಬೆಚ್ಚಗಾಗಿ ಕೋಣೆಗಳಿಗೆ ಏರುತ್ತಿತ್ತು. ಎಂಜಿನ್ನಿನ ತ್ಯಾಜ್ಯ ಶಾಖದಿಂದಲೇ ಕಟ್ಟಡ ಬೆಚ್ಚಗೆ. ಇವತ್ತು ಇದೇ ಐಡಿಯಾವನ್ನು ಪವರ್‌ಪಾಯಿಂಟಿನಲ್ಲಿ ಹಸಿರು ಬಣ್ಣ ಹಚ್ಚಿ ಮಾರುತ್ತಾರೆ.

ಆ ಫ್ಯಾನ್ ನಿಮಿಷಕ್ಕೆ 11,000 ಘನ ಅಡಿ ಗಾಳಿ ತಳ್ಳುತ್ತಿತ್ತು ಅಂತ ಬರೆದಿದ್ದಾರೆ. ನಾನು ಸುಮ್ಮನಿರಲಾರದೆ ಕ್ಯಾಲ್ಕುಲೇಟರ್ ತೆಗೆದೆ. ಸೆಕೆಂಡಿಗೆ ಸುಮಾರು 5,200 ಲೀಟರ್. ಇವತ್ತು ನಾವು ಆಫೀಸುಗಳಿಗೆ ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಅಂತ ಲೆಕ್ಕ ಹಿಡಿಯುತ್ತೇವೆ. ಅಂದರೆ ಐನೂರು ಜನಕ್ಕೆ ಧಾರಾಳವಾಗಿ ಸಾಕು. 1840ರ ಆಸುಪಾಸಿನಲ್ಲಿ! ಇದು ಶೋಕಿಗೆ ಮಾಡಿದ್ದೂ ಅಲ್ಲ. ಆಗ ದೀಪ ಅಂದರೆ ಗ್ಯಾಸ್ ದೀಪ, ಮೇಣದ ಬತ್ತಿ. ಉರಿಯೋ ಪ್ರತಿ ದೀಪವೂ ಕೋಣೆಯ ಗಾಳಿ ತಿಂದು ಬಿಸಿ, ತೇವ, ಮಸಿ ಕಕ್ಕುತ್ತದೆ. ಅದರ ಜೊತೆಗೆ ಸಿಗಾರ್ ಹೊಗೆ. ರಾತ್ರಿ ತುಂಬಿದ ಹಾಲಿನಲ್ಲಿ ಗಾಳಿ ಆಡದಿದ್ದರೆ ತಲೆನೋವು ಗ್ಯಾರಂಟಿ. ಕಿಟಕಿ ತೆಗೆದರೆ ಹೊರಗಿನ ಮಸಿ ಒಳಗೆ.

ಇಷ್ಟು ಚೆನ್ನಾಗಿ ಗಾಳಿಯನ್ನು ಆಡಿಸಿದ ಬ್ಯಾರಿಗೆ ಪಾರ್ಲಿಮೆಂಟ್ ಕೆಲಸದಲ್ಲಿ ಗಾಳಿಯೇ ಶನಿಯಾಯಿತು. ಅಲ್ಲಿ ವೆಂಟಿಲೇಶನ್‌ಗೆ ಅಂತಲೇ ಡೇವಿಡ್ ಬಾಸ್ವೆಲ್ ರೀಡ್ ಅನ್ನೋ ತಜ್ಞನನ್ನು 1840ರಲ್ಲಿ ನೇಮಿಸಿದರು. ಅವನು ಕೇಳಿದ ನಾಳಗಳು, ಗಾಳಿ ಗೂಡುಗಳು ಕಟ್ಟಡದ ದೊಡ್ಡ ಪಾಲನ್ನೇ ನುಂಗುವಂತಿದ್ದವು. ನಡುವಿನ ಗೋಪುರ ಬಂದಿದ್ದೂ ಅವನ ಬೇಡಿಕೆಯಿಂದ, ಹಳಸಿದ ಗಾಳಿ ಹೊರಗೆ ಹೋಗಲಿ ಅಂತ. ಇಬ್ಬರೂ ವರ್ಷಗಟ್ಟಲೆ ಕಿತ್ತಾಡಿದರು. 1852ರಲ್ಲಿ ರೀಡ್‌ನನ್ನು ಕೆಲಸದಿಂದ ತೆಗೆದರು. ಆರ್ಕಿಟೆಕ್ಟ್ ಒಂದು ಕಡೆ, ಪೈಪಿನವರು ಇನ್ನೊಂದು ಕಡೆ ಎಳೆಯೋದು ಎಷ್ಟು ಹಳೇ ರೋಗ ನೋಡಿ. ನಾನು ಯಾರ ಪಕ್ಷ ಅಂತ ಕೇಳಬೇಡಿ.

ರಿಫಾರ್ಮ್‌ನಲ್ಲಿ ಹಾಗಾಗದೆ ಇರೋದಕ್ಕೆ ಕಾರಣ ಒಬ್ಬ ಅಡುಗೆಯವನೂ ಇರಬಹುದು ಅಂತ ನನ್ನ ಅಂದಾಜು. ಅಲೆಕ್ಸಿಸ್ ಸೊಯೆರ್, ಫ್ರಾನ್ಸಿನವನು. 1837ರಿಂದ 1850ರವರೆಗೆ ಇಲ್ಲಿ ಮುಖ್ಯ ಬಾಣಸಿಗ. ಕಟ್ಟಡ ಇನ್ನೂ ಏಳುತ್ತಿದ್ದಾಗಲೇ ಕೆಲಸಕ್ಕೆ ಸೇರಿದ್ದರಿಂದ ಅಡುಗೆಮನೆ ಹೇಗಿರಬೇಕು ಅಂತ ಬ್ಯಾರಿ ಜೊತೆ ಕೂತು ಹೇಳೋ ಅವಕಾಶ ಅವನಿಗೆ ಸಿಕ್ಕಿತು. ಐಸ್ ಕೋಣೆ ಕೇಳಿ ಶಿಲ್ಪಪಟ್ಟಿ ಪಡೆದ ಪಕ್ಕದವರ ಗತಿ ಇವನಿಗಾಗಲಿಲ್ಲ. ಗ್ಯಾಸ್ ಒಲೆ ಹಾಕಿಸಿದ. ಬೇಕಾದಾಗ ಹೊತ್ತಿಸಿ ಬೇಡವಾದಾಗ ಆರಿಸೋದು ಆಗಿನ ಅಡುಗೆಮನೆಗೆ ಹೊಸ ಸುಖ. ಬಡಿಸೋ ಮುಂಚೆ ಭಕ್ಷ್ಯ ತಣ್ಣಗಾಗದಂತೆ ಹಬೆಯಿಂದ ಬೆಚ್ಚಗಿಡೋ ಕಪಾಟು. ಮೀನಿಡೋ ಅಮೃತಶಿಲೆಯ ಹಾಸಿನ ಮೇಲೆ ಐಸ್ ನೀರು ಹರಿಯೋ ವ್ಯವಸ್ಥೆ.

ನನಗೆ ಬಲು ಇಷ್ಟವಾದದ್ದು ನಡುವಿನ ಮೇಜು. ಹನ್ನೆರಡು ಮೂಲೆಯ ಮರದ ಮೇಜು ಅದು. ಛಾವಣಿ ಹೊತ್ತ ಎರಡು ಕಂಬಗಳು ಅಡುಗೆಮನೆ ಮಧ್ಯಕ್ಕೇ ಬಂದಿದ್ದವು. ಬೇರೆ ಯಾರೇ ಆಗಿದ್ದರೂ ಅಡ್ಡ ಬಂತು ಅಂತ ಗೊಣಗುತ್ತಿದ್ದರು. ಸೊಯೆರ್ ಆ ಕಂಬಗಳ ಸುತ್ತ ತಾಮ್ರದ ಡಬ್ಬಿಗಳನ್ನು ಕೂರಿಸಿ ಅದರಲ್ಲಿ ಮಸಾಲೆ, ಸೊಪ್ಪು, ಬ್ರೆಡ್ಡಿನ ಪುಡಿ ತುಂಬಿಟ್ಟ. ಕೈ ಚಾಚಿದರೆ ಸಿಗುವಂತೆ. ಈ ಅಡುಗೆಮನೆಯನ್ನು ಅಡ್ಡ ಸೀಳಿ ಒಳಗೆಲ್ಲ ತೋರಿಸುವ ಒಂದು ಚಿತ್ರ 1842ರಲ್ಲಿ ಅಚ್ಚಾಗಿ ಮಾರಾಟವಾಯಿತು. ದೊಡ್ಡ ದೊಡ್ಡವರು ಅಡುಗೆಮನೆ ನೋಡಲೆಂದೇ ಬರುತ್ತಿದ್ದರು, ಸೊಯೆರ್ ತಾನೇ ನಿಂತು ತೋರಿಸುತ್ತಿದ್ದ. ಆಮೇಲೆ ಅವನು ಐರ್ಲೆಂಡಿನ ಬರಗಾಲಕ್ಕೆ ಗಂಜಿ ಕೇಂದ್ರ ಮಾಡಿದ್ದು, ಕ್ರಿಮಿಯಾ ಯುದ್ಧಕ್ಕೆ ಹೋಗಿ ಸೈನ್ಯಕ್ಕೆ ಒಲೆ ಮಾಡಿಕೊಟ್ಟಿದ್ದು ಇನ್ನೊಂದು ದೊಡ್ಡ ಕಥೆ.

ಬ್ಯಾಂಕಿನ ಮಾತಿಗೆ ಬರುತ್ತೇನೆ. ಈ ಪೆಟ್ಟಿಗೆ ಎಷ್ಟು ಅನುಕೂಲ ಅಂತ ಬೇರೆಯವರಿಗೂ ಬೇಗ ಹೊಳೆಯಿತು. ಬ್ಯಾರಿಯೇ ಮ್ಯಾಂಚೆಸ್ಟರ್‌ನಲ್ಲಿ 1837ರಿಂದ 1839ರೊಳಗೆ ಅಲ್ಲಿನ ಅಥೀನಿಯಂ ಕಟ್ಟಿದ. ಅದು ಈಗ ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯ ಭಾಗ. ಅಲ್ಲಿನ ಬಟ್ಟೆ ವ್ಯಾಪಾರಿಗಳು ತಮ್ಮ ಗೋದಾಮುಗಳಿಗೂ ಪಲಾಝೋ ಮುಖ ತೊಡಿಸಿದರು. ಗೋದಾಮಿಗೆ ಬೇಕಾದದ್ದೇ ಅದು, ಸಾಲು ಕಿಟಕಿ, ಮಹಡಿ ಮೇಲೆ ಮಹಡಿ. ಬ್ಯಾಂಕುಗಳಿಗೆ ನಮ್ಮಲ್ಲಿ ದುಡ್ಡು ಭದ್ರ ಅಂತ ತೋರಿಸೋ ಮುಖ ಬೇಕಿತ್ತು. ಹಾಗೆ ಊರೂರಲ್ಲಿ ಹಬ್ಬಿತು. ಇದನ್ನೆಲ್ಲ ಫುಟ್‌ಪಾತ್ ಮೇಲೆ ನಿಂತೇ ಹೇಳಿದೆ. "ಸರಿ ಕಣೇ, ಒಪ್ಪಿದೆ, ಎಲ್ಲಾದ್ರೂ ಒಳಗೆ ಹೋಗಿ ಟೀ ಕುಡಿಯೋಣ" ಅಂದರು. ಒಪ್ಪಿದ್ದು ಚಳಿಗೋ ನನ್ನ ವಾದಕ್ಕೋ ಗೊತ್ತಿಲ್ಲ.

ಕಲ್ಲಿನ ಆಯ್ಕೆಯಲ್ಲೂ ರಿಫಾರ್ಮ್ ಬಚಾವಾಯಿತು. ಪಕ್ಕದಲ್ಲೇ ಇದ್ದ ಟೋರಿಗಳ ಕಾರ್ಲ್‌ಟನ್ ಕ್ಲಬ್ ಆಮೇಲೆ ವೆನಿಸ್‌ನ ಲೈಬ್ರರಿ ಕಟ್ಟಡ ನೋಡಿ ತನಗೂ ಇಟಾಲಿಯನ್ ಮುಖ ಮಾಡಿಸಿಕೊಂಡಿತು. ಬಳಸಿದ್ದು ಫ್ರಾನ್ಸಿನ ಕಾನ್ ಕಲ್ಲು. ಕೆತ್ತಲು ಮೃದು, ನೋಡಲು ಚೆಂದ. ಲಂಡನ್ನಿನ ಹೊಗೆಗೆ ಅದು ಉದುರತೊಡಗಿ ಕೊನೆಗೆ ಪೋರ್ಟ್‌ಲ್ಯಾಂಡ್ ಕಲ್ಲನ್ನೇ ಹೊಸದಾಗಿ ಹೊದಿಸಬೇಕಾಯಿತು. ಅದಾದ ಮೇಲೆ 1940ರ ಅಕ್ಟೋಬರ್‌ನಲ್ಲಿ ಬಾಂಬು ಬಿದ್ದು ಕಟ್ಟಡವೇ ಹೋಯಿತು.

ಹೆಂಗಸರಿಗೆ ರಿಫಾರ್ಮ್ ಕ್ಲಬ್ ಸದಸ್ಯತ್ವ ತೆರೆದಿದ್ದು 1981ರಲ್ಲಿ. ಸುಧಾರಣೆ ಅನ್ನೋ ಹೆಸರಿಟ್ಟುಕೊಂಡು 145 ವರ್ಷ ತಗೊಂಡರು. ಇಷ್ಟು ಮಾತ್ರ ಹೇಳಿ ಬಿಡುತ್ತೇನೆ.

ಒಂದು ತಕರಾರು ಇದೆ, ಮೆಟ್ಟಿಲಿನದು. ಇಷ್ಟು ಬೆಳಕಿನ ಸಲೂನಿನಿಂದ ಮೇಲಿನ ಲೈಬ್ರರಿಗೆ ಹೋಗೋ ದಾರಿ ಎರಡು ಗೋಡೆಗಳ ನಡುವೆ, ಕಮಾನಿನ ಅಡಿಯಲ್ಲಿ ತೂರಿಕೊಂಡು ಹೋಗುತ್ತದೆ. ರೋಮಿನ ಅರಮನೆಗಳಲ್ಲಿ ಹಾಗೇ ಇರೋದು ಅಂತ ಬ್ಯಾರಿ ಹಾಗೇ ಮಾಡಿದ. ಹತ್ತುವಾಗ ಸಲೂನ್ ಕಣ್ಣಿಂದ ಪೂರ್ತಿ ಮಾಯ. ಮೇಲೆ ಬಂದು ಪಡಸಾಲೆ ಸೇರಿದ ಮೇಲೇ ಮತ್ತೆ ಸಿಗುತ್ತದೆ. ಅಂಗಳಕ್ಕೆ ಗಾಜು ಹೊದಿಸಿ ಇಟಲಿಯನ್ನು ಮೀರಿದವನು ಮೆಟ್ಟಿಲ ವಿಷಯಕ್ಕೆ ಬಂದಾಗ ಯಾಕೆ ವಿಧೇಯ ವಿದ್ಯಾರ್ಥಿಯಾದ? ಸಲೂನಿನೊಳಗೇ ತೆರೆದ ಮೆಟ್ಟಿಲು ಏರಿಸಬಹುದಿತ್ತಲ್ಲ? ನನ್ನ ಸಹೋದ್ಯೋಗಿ ಒಪ್ಪಲಿಲ್ಲ. ತೆರೆದ ಮೆಟ್ಟಿಲು ಬಂದಿದ್ದರೆ ನಾಲ್ಕೂ ಕಡೆ ಸಮನಾಗಿರೋ ಆ ಕೋಣೆ ಕೆಡುತ್ತಿತ್ತು, ಬರೀ ಓಡಾಟದ ಜಾಗ ಆಗುತ್ತಿತ್ತು, ಯಾರೂ ಅಲ್ಲಿ ಕೂತು ಪೇಪರ್ ಓದುತ್ತಿರಲಿಲ್ಲ ಅಂದರು. ಜೊತೆಗೆ, ತೆರೆದ ಮೆಟ್ಟಿಲಿನಲ್ಲಿ ಬಿಸಿ ಗಾಳಿ ಎಲ್ಲ ಮೇಲಕ್ಕೆ ಹೋಗುತ್ತಿತ್ತು, ಪೈಪಿನವಳಾಗಿ ನೀನೇ ಇದನ್ನು ಹೇಳಬೇಕಿತ್ತು ಅಂತ ಚುಚ್ಚಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಸಲೂನ್ ಹೇಗೂ ಎರಡು ಅಂತಸ್ತು ಎತ್ತರ, ಗಾಜಿನ ಛಾವಣಿ ಬೇರೆ. ಮೇಲಕ್ಕೆ ಹೋಗೋ ಬಿಸಿ ಗಾಳಿ ಮೆಟ್ಟಿಲು ಇದ್ದರೂ ಹೋಗುತ್ತದೆ, ಇಲ್ಲದಿದ್ದರೂ ಹೋಗುತ್ತದೆ. ಪೇಪರ್ ಓದೋ ವಾದಕ್ಕೆ ಮಾತ್ರ ಉತ್ತರ ಇನ್ನೂ ಹುಡುಕುತ್ತಿದ್ದೇನೆ.